ಬೀದರ್ ಜಿಲ್ಲೆಯಲ್ಲಿ ಚಳಿಗಾಲದ ಪಕ್ಷಿವೀಕ್ಷಣೆ

ಬೀದರ್ ಜಿಲ್ಲೆಯಲ್ಲಿ ಚಳಿಗಾಲದ ಪಕ್ಷಿವೀಕ್ಷಣೆ ಎಂಬುದು ಬೀದರ್ ನಗರದ ಉದ್ಯಾನ ಮತ್ತು ಕೋಟೆ, ಭಾಲ್ಕಿ ತಾಲೂಕಿನ ಕಾರಂಜಾ ಹಿನ್ನೀರು ಹಾಗೂ ಔರಾದ್ ತಾಲೂಕಿನ ಹಿಂಗಾರಿ ಹೊಲಗಳಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಾಣಸಿಗುವ ಸ್ಥಳೀಯ ಮತ್ತು ವಲಸೆ ಹಕ್ಕಿಗಳ ಅವಲೋಕನವಾಗಿದೆ. ಜಿಲ್ಲೆಯು ಕರ್ನಾಟಕದ ಉತ್ತರದ ತುದಿಯಲ್ಲಿದ್ದು, ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಗೆ ಹೊಂದಿಕೊಂಡಿದೆ. ರಾಜ್ಯದ ಬಯಲು ಪ್ರದೇಶಗಳಲ್ಲಿ ಚಳಿ ತೀವ್ರವಾಗಿರುವ ಸ್ಥಳಗಳನ್ನು ಹೆಸರಿಸುವಾಗ ಬೀದರಿನ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಆದರೂ ಇಲ್ಲಿನ ನೀರು ಹೆಪ್ಪುಗಟ್ಟುವುದಿಲ್ಲ. ಉತ್ತರದ ಹಕ್ಕಿಗಳಿಗೆ ಈ ನೆಲ ಆಶ್ರಯವಾಗಿರುವುದು ಮುಖ್ಯವಾಗಿ ಇದೇ ಕಾರಣದಿಂದ.

ಚಳಿಯ ಸ್ವರೂಪ

ಬೀದರ್ ನಗರವು ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಕಡಲು ಬಹಳ ದೂರದಲ್ಲಿರುವುದರಿಂದ ಚಳಿಗಾಲದ ಗಾಳಿಯಲ್ಲಿ ತೇವಾಂಶ ಕಡಿಮೆ. ಆಕಾಶ ನಿರ್ಮಲವಾಗಿರುವ ರಾತ್ರಿಗಳಲ್ಲಿ ನೆಲವು ಹಗಲಿನಲ್ಲಿ ಹೀರಿಕೊಂಡ ಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ. ಡಿಸೆಂಬರ್ ತಿಂಗಳಿನ ಸರಾಸರಿ ಗರಿಷ್ಠ ಉಷ್ಣಾಂಶ ಸುಮಾರು 27 ಡಿಗ್ರಿ ಸೆಲ್ಸಿಯಸ್, ಸರಾಸರಿ ಕನಿಷ್ಠ ಸುಮಾರು 16 ಡಿಗ್ರಿ. ಉತ್ತರ ಭಾರತದಿಂದ ಶೀತಗಾಳಿ ದಖನ್ನಿನವರೆಗೆ ಇಳಿದು ಬಂದ ದಿನಗಳಲ್ಲಿ ಮಾತ್ರ ಕನಿಷ್ಠ ಉಷ್ಣಾಂಶ ಒಂದಂಕಿಗೆ ಕುಸಿಯುತ್ತದೆ. ಭಾರತೀಯ ಹವಾಮಾನ ಇಲಾಖೆಯ ನಿಯಮದಂತೆ ಬಯಲುಸೀಮೆಯ ಊರೊಂದರಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಷ್ಟು ಇಳಿದರೆ ಅದನ್ನು ಶೀತ ಅಲೆ ಎಂದು ಪರಿಗಣಿಸಲಾಗುತ್ತದೆ.

ಹಕ್ಕಿಯ ದೇಹದ ಉಷ್ಣಾಂಶ ಸುಮಾರು 40 ಡಿಗ್ರಿ. ಹೊರಗಿನ ಗಾಳಿ 9 ಅಥವಾ 10 ಡಿಗ್ರಿಗೆ ಇಳಿದಾಗ ಹತ್ತು ಗ್ರಾಂ ತೂಕದ ಪುಟ್ಟ ಹಕ್ಕಿಯೊಂದು ರಾತ್ರಿಯಿಡೀ ಮೈಯ ಕೊಬ್ಬನ್ನು ಉರಿಸಿಯೇ ಬದುಕಬೇಕು. ಗರಿಗಳನ್ನು ಉಬ್ಬಿಸಿ ಅವುಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸುವುದು, ಒಂದು ಕಾಲನ್ನು ಮಡಚಿ ನಿಲ್ಲುವುದು, ಜೊತೆಯವರಿಗೆ ಅಂಟಿಕೊಂಡು ಕೂರುವುದು ಇವೆಲ್ಲ ಶಾಖ ಉಳಿಸಿಕೊಳ್ಳುವ ಉಪಾಯಗಳು. ಬಾತುಗಳ ಕಾಲಿನಲ್ಲಿ ಕೆಳಗಿಳಿಯುವ ಬಿಸಿ ರಕ್ತದ ನಾಳಗಳೂ ಮೇಲೇರುವ ತಣ್ಣನೆಯ ರಕ್ತದ ನಾಳಗಳೂ ಒತ್ತೊತ್ತಾಗಿರುತ್ತವೆ. ಶಾಖವು ಪಾದ ತಲುಪುವ ಮೊದಲೇ ಮರಳಿ ಮೈಗೆ ಸೇರುವುದರಿಂದ ತಣ್ಣೀರಿನಲ್ಲಿ ನಿಂತರೂ ಅವುಗಳಿಗೆ ಅಪಾಯವಿಲ್ಲ.

ಬೀದರಿನ ಚಳಿ ಹಕ್ಕಿಗಳನ್ನು ಕೊಲ್ಲುವಷ್ಟು ತೀವ್ರವಲ್ಲ, ಅವುಗಳ ದಿನಚರಿಯನ್ನು ಬದಲಿಸುವಷ್ಟು ಮಾತ್ರ. ಬೆಳಗಿನ ಚಳಿಯಲ್ಲಿ ಕೀಟಗಳು ಹಾರುವುದಿಲ್ಲ. ಆದ್ದರಿಂದ ಪತ್ರಂಗ, ಕಾಜಾಣ, ಕವಲುತೋಕೆಗಳು ಬಿಸಿಲೇರುವವರೆಗೆ ತಂತಿಯ ಮೇಲೆ ಸಾಲಾಗಿ ಮೈ ಕಾಯಿಸುತ್ತ ಕುಳಿತಿರುತ್ತವೆ. ಹದ್ದು, ಗಿಡುಗಗಳಿಗೆ ಮೇಲೇರಲು ಬಿಸಿಗಾಳಿಯ ಆಸರೆ ಬೇಕಾದುದರಿಂದ ಅವು ಆಕಾಶದಲ್ಲಿ ಕಾಣುವುದು ಒಂಬತ್ತರ ನಂತರ. ಜನವರಿಯಲ್ಲಿ ಇಲ್ಲಿ ಸೂರ್ಯೋದಯವಾಗುವುದೇ ಸುಮಾರು 6 ಗಂಟೆ 50 ನಿಮಿಷಕ್ಕೆ. ಬೇಸಿಗೆಯ ರೂಢಿಯಂತೆ ನಸುಕಿನಲ್ಲಿಯೇ ಹೊರಟವರಿಗೆ ಚಳಿ ಸಿಗುತ್ತದೆಯೇ ಹೊರತು ಹಕ್ಕಿ ಸಿಗುವುದು ಕಡಿಮೆ.

ಹೆಪ್ಪುಗಟ್ಟುವ ನಾಡಿನಿಂದ ಬರುವವು

ಕಜಾಕಸ್ತಾನದ ಹುಲ್ಲುಗಾವಲು, ಸೈಬೀರಿಯಾ, ಮಂಗೋಲಿಯಾ ಮತ್ತು ಟಿಬೆಟ್ಟಿನ ಸರೋವರಗಳು ಚಳಿಗಾಲದಲ್ಲಿ ಹಿಮದಿಂದ ಮುಚ್ಚುತ್ತವೆ. ನೀರು ಗಟ್ಟಿಯಾದರೆ ಬಾತಿಗೆ ಆಹಾರವಿಲ್ಲ, ಕೆಸರು ಗಟ್ಟಿಯಾದರೆ ಉದ್ದ ಕೊಕ್ಕಿನ ಗೊರವಗಳಿಗೆ ಆಹಾರವಿಲ್ಲ, ನೆಲವನ್ನು ಹಿಮ ಮುಚ್ಚಿದರೆ ಕಾಳು ತಿನ್ನುವ ಹಕ್ಕಿಗಳಿಗೂ ಇಲ್ಲ. ಹಕ್ಕಿಗಳನ್ನು ದಕ್ಷಿಣಕ್ಕೆ ಅಟ್ಟುವುದು ಚಳಿ ಎಂದು ಸಾಮಾನ್ಯವಾಗಿ ಹೇಳುವುದುಂಟು. ವಾಸ್ತವವಾಗಿ ಚಳಿಯಿಂದಾಗುವ ಹಸಿವೇ ಹೆಚ್ಚಿನ ಕಾರಣ. ಪಟ್ಟೆತಲೆ ಹೆಬ್ಬಾತು ಹಿಮಾಲಯವನ್ನು ದಾಟಿ ಬರುವ ಹಕ್ಕಿ. ಉಪಗ್ರಹ ಸಾಧನ ಅಳವಡಿಸಿ ನಡೆಸಿದ ಅಧ್ಯಯನಗಳಲ್ಲಿ ಅದು 7000 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಸಿಪಿಲೆ, ನೊಣಹಿಡುಕ, ಉಲಿಯಕ್ಕಿಗಳಂಥ ಪುಟ್ಟ ಹಕ್ಕಿಗಳ ಪ್ರಯಾಣಕ್ಕೆ ಇಂಥ ಪ್ರಸಿದ್ಧಿ ಇಲ್ಲ. ಅವು ಬಹುಮಟ್ಟಿಗೆ ರಾತ್ರಿಯ ಹೊತ್ತು ಹಾರಿ, ಒಂದು ಬೆಳಿಗ್ಗೆ ಯಾರ ಗಮನಕ್ಕೂ ಬಾರದೆ ಊರಿನ ಬೇವಿನ ಮರದಲ್ಲಿ ಇರುತ್ತವೆ.

ಬೀದರ್ ನಗರ

ನಗರದೊಳಗೆ ಹಕ್ಕಿ ನೋಡಲು ಅನುಕೂಲವಾದ ಜಾಗ ಬರೀದ್ ಶಾಹಿ ಉದ್ಯಾನ. ಊರಿನ ಪಶ್ಚಿಮಕ್ಕೆ ಬರೀದ್ ಶಾಹಿ ಅರಸರ ಗೋರಿಗಳಿರುವ ಈ ಪ್ರದೇಶದ ನಡುವೆ, 1577ರಲ್ಲಿ ಕಟ್ಟಲಾದ ಅಲಿ ಬರೀದನ ಗೋರಿ ಎತ್ತರದ ಜಗಲಿಯ ಮೇಲೆ ನಿಂತಿದೆ. ಅದರ ಕಟ್ಟಡ ನಾಲ್ಕು ದಿಕ್ಕಿಗೂ ತೆರೆದ ಕಮಾನುಗಳಿಂದ ಕೂಡಿದೆ. ಸುತ್ತಲಿನ ಹುಲ್ಲುಹಾಸು ಮತ್ತು ಮರಗಳಲ್ಲಿ ಬೆಳಗಿನ ಹೊತ್ತು ವಾಯುವಿಹಾರಕ್ಕೆ ಬರುವವರೇ ಹೆಚ್ಚು. ಜನರ ಓಡಾಟಕ್ಕೆ ಒಗ್ಗಿಕೊಂಡ ಹಕ್ಕಿಗಳು ಹತ್ತಿರದಿಂದಲೇ ನೋಡಲು ಸಿಗುತ್ತವೆ. ಇದು ಕಲಿಯುವವರಿಗೆ ಒಳ್ಳೆಯದು.

ಇಂಥ ಉದ್ಯಾನದಲ್ಲಿ ಚಳಿಗಾಲದ ಮೊದಲ ಗುರುತು ಬಿಳಿ ಸಿಪಿಲೆ. ಹುಲ್ಲುಹಾಸಿನ ಮೇಲೆ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಓಡಾಡುವ ಇದನ್ನು ಕನ್ನಡದಲ್ಲಿ ಕುಂಡೆಕುಸ್ಕ ಎಂದೂ ಕರೆಯುತ್ತಾರೆ. ನೀರು ಹರಿಯುವ ಕಡೆ ಹಳದಿ ಹೊಟ್ಟೆಯ ಬೂದು ಸಿಪಿಲೆ ಇರುತ್ತದೆ. ಮರದ ಕೆಳಕೊಂಬೆಯಿಂದ ನೆಲಕ್ಕೆ ಜಿಗಿದು ಮರಳುವ, ಬಾಲವನ್ನು ಚಿಮ್ಮಿಸುವ ಪುಟ್ಟ ಹಕ್ಕಿ ಕೆಂಪುಕತ್ತಿನ ನೊಣಹಿಡುಕ. ಎಲೆಗಳ ನಡುವೆ ನಿಲ್ಲದೆ ಚಲಿಸುವ ಹಸಿರು ಉಲಿಯಕ್ಕಿಯನ್ನು ಕಣ್ಣಿಗಿಂತ ಕಿವಿಯಿಂದ ಗುರುತಿಸುವುದು ಸುಲಭ. ಬೇಲಿಯ ಪೊದೆಯೊಳಗಿಂದ ಕಲ್ಲಿಗೆ ಕಲ್ಲು ತಾಗಿಸಿದಂತೆ ಚಕ್ ಚಕ್ ಎಂಬ ಸದ್ದು ಬಂದರೆ ಅದು ಬ್ಲೈತನ ಜೊಂಡು ಉಲಿಯಕ್ಕಿ ಆಗಿರುವ ಸಂಭವ ಹೆಚ್ಚು. ಮರದ ತುದಿಯಲ್ಲಿ ಕುಳಿತ ಬೂದು ಕಾಜಾಣವೂ ಚಳಿಗಾಲದ ಅತಿಥಿಯೇ. ವರ್ಷವಿಡೀ ಇರುವ ಕರಿ ಕಾಜಾಣಕ್ಕಿಂತ ಇದರ ಬಣ್ಣ ಮಸುಕು, ಕಣ್ಣು ಹೆಚ್ಚು ಕೆಂಪು.

ಹಳೆಯ ಕಟ್ಟಡಗಳು ಇಲ್ಲಿನ ವೀಕ್ಷಣೆಗೆ ವಿಶೇಷ ಗುಣವನ್ನು ಕೊಟ್ಟಿವೆ. ಟಿಬೆಟ್ ಮತ್ತು ಹಿಮಾಲಯದ ಕಲ್ಲುನೆಲದ ಹಕ್ಕಿಯಾದ ಬ್ಲ್ಯಾಕ್ ರೆಡ್‌ಸ್ಟಾರ್ಟ್ ದಖನ್ನಿನಲ್ಲಿ ಮುರಿದ ಗೋಡೆ, ಕಲ್ಲಿನ ರಾಶಿಗಳನ್ನೇ ಆರಿಸಿಕೊಳ್ಳುತ್ತದೆ. ಗಂಡಿನ ಎದೆ ಕಪ್ಪು, ಹೊಟ್ಟೆ ಇಟ್ಟಿಗೆಯ ಕೆಂಪು. ಕುಳಿತಲ್ಲೇ ತಲೆ ಬಾಗಿಸಿ ಬಾಲವನ್ನು ನಡುಗಿಸುವುದು ಇದರ ಚಾಳಿ. ಬಂಡೆಯಲ್ಲಿ ಮೂರು ಸಾಲಾಗಿ ಕೊರೆದ ಬೀದರ್ ಕೋಟೆಯ ಕಂದಕವು ಗಾಳಿಯಿಂದ ಮರೆಯಾಗಿದ್ದು, ಬಿಸಿಲಿಗೆ ಬೇಗ ಕಾಯುತ್ತದೆ. ಕೋಟೆಗೋಡೆಯ ಬಿರುಕುಗಳಲ್ಲಿ ಹಾಲಕ್ಕಿಗಳು, ಎಂದರೆ ಚುಕ್ಕೆಗೂಬೆಗಳು, ಜೋಡಿಯಾಗಿ ಕುಳಿತು ಎಳೆಬಿಸಿಲು ಕಾಯಿಸುತ್ತವೆ. ರಾತ್ರಿಯ ಹಕ್ಕಿಯನ್ನು ಹಗಲಿನಲ್ಲಿ ನೆಮ್ಮದಿಯಾಗಿ ನೋಡಲು ಚಳಿಗಾಲದಷ್ಟು ಒಳ್ಳೆಯ ಕಾಲ ಬೇರೆ ಇಲ್ಲ. ದಖನ್ನಿನ ಕೋಟೆಗಳಿಗೆ ಚಳಿಯಲ್ಲಿ ಬರುವ ನೀಲಿ ಕಲ್ಲುಸಿಳ್ಳಾರವನ್ನು ಹುಡುಕುವವರು ಬುರುಜುಗಳ ಮೇಲಂಚನ್ನು ಗಮನಿಸಬೇಕು. ಅಷ್ಟೂರಿನ ಬಹಮನಿ ಗೋರಿಗಳ ಸುತ್ತಲಿನ ಹೊಲಗಳೂ, ಹೈದರಾಬಾದ್ ರಸ್ತೆಯ ದೇವದೇವ ವನವೂ ಇದೇ ಬೆಳಗಿನಲ್ಲಿ ನೋಡಿಬರಬಹುದಾದ ಸ್ಥಳಗಳು.

ಭಾಲ್ಕಿ: ಕಾರಂಜಾ ಹಿನ್ನೀರು

ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಮಾಂಜ್ರಾದ ಉಪನದಿಯಾದ ಕಾರಂಜಾಕ್ಕೆ ಅಣೆಕಟ್ಟು ಕಟ್ಟಲಾಗಿದೆ. ನೀರಾವರಿಗೂ ಕುಡಿಯುವ ನೀರಿಗೂ ಆಧಾರವಾದ ಈ ಜಲಾಶಯವು ಜಿಲ್ಲೆಯ ನೀರುಹಕ್ಕಿಗಳ ಮುಖ್ಯ ತಾಣವೂ ಹೌದು. ಗುಳುಮುಳುಕ, ನಾಮದ ಕೋಳಿ, ಬಾಯ್ಕಳಕ, ಬಣ್ಣದ ಕೊಕ್ಕರೆ, ಕರಿ ಕೆಂಬರಲು ಮುಂತಾದ ಇಲ್ಲಿಯವೇ ಆದ ಹಕ್ಕಿಗಳ ಜೊತೆಗೆ ಸೂಜಿಬಾಲದ ಬಾತು, ಸಲಿಕೆಕೊಕ್ಕಿನ ಬಾತು, ಬಿಳಿಹುಬ್ಬಿನ ಬಾತು ಮತ್ತು ಚಕ್ರವಾಕಗಳು ದಖನ್ನಿನ ಇಂಥ ಹಿನ್ನೀರುಗಳಲ್ಲಿ ಚಳಿಗಾಲ ಕಳೆಯುತ್ತವೆ. ಸಂಸ್ಕೃತ ಮತ್ತು ಹಳಗನ್ನಡ ಕಾವ್ಯಗಳಲ್ಲಿ ರಾತ್ರಿ ಅಗಲುವ ಪ್ರೇಮಿಗಳಾಗಿ ಬರುವ ಚಕ್ರವಾಕವು ಇದೇ ಕೇಸರಿಬಣ್ಣದ ಬಾತು. ಕಾವ್ಯ ಓದಿದವರು ಅದನ್ನು ಒಮ್ಮೆಯಾದರೂ ನೀರಿನಂಚಿನಲ್ಲಿ ಕಾಣುವುದು ಒಳ್ಳೆಯದು.

ಜಲಾಶಯದಲ್ಲಿ ಯಾವ ಹಕ್ಕಿ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಚಳಿಗಿಂತ ಹೆಚ್ಚಾಗಿ ನೀರಿನ ಮಟ್ಟ. ತಲೆ ಮುಳುಗಿಸಿ ಬಾಲ ಮೇಲೆತ್ತಿ ತಿನ್ನುವ ಬಾತುಗಳಿಗೆ ತಳಕ್ಕೆ ಕತ್ತು ಮುಟ್ಟುವಷ್ಟು ಆಳವಿಲ್ಲದ ನೀರು ಬೇಕು. ಗದ್ದೆಗೊರವ, ಮೆಟ್ಟುಗಾಲು ಹಕ್ಕಿಗಳಿಗೆ ಕಾಲು ಮುಳುಗುವಷ್ಟು ನೀರು ಅಥವಾ ಬರಿಯ ಕೆಸರು ಸಾಕು. ಮಳೆಗಾಲದ ಕೊನೆಗೆ ಜಲಾಶಯ ಅಂಚಿನವರೆಗೆ ತುಂಬಿದ್ದರೆ ನವೆಂಬರ್‌ನಲ್ಲಿ ಹಕ್ಕಿಗಳು ವಿರಳ, ಏಕೆಂದರೆ ದಂಡೆಯೇ ಇರುವುದಿಲ್ಲ. ಡಿಸೆಂಬರ್, ಜನವರಿಗಳಲ್ಲಿ ನೀರು ನಿಧಾನವಾಗಿ ಇಳಿಯುತ್ತ ಹೋದಂತೆ ಅಗಲವಾದ ಕೆಸರಿನ ಪಟ್ಟಿ ತೆರೆದುಕೊಂಡು ಹಿಂಡುಗಳು ಸೇರುತ್ತವೆ. ತುಂಬಿದ ವರ್ಷ ಒಳ್ಳೆಯದು, ಬರಗಾಲದ ವರ್ಷ ಕೆಟ್ಟದ್ದು ಎಂಬ ಸರಳ ಲೆಕ್ಕ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಆದರೆ ಬರ ತೀವ್ರವಾದಾಗ ಲೆಕ್ಕವೇ ಮುಗಿಯುತ್ತದೆ. 2016ರ ಬೇಸಿಗೆಯಲ್ಲಿ ಇದೇ ಮಾಂಜ್ರಾ ಕಣಿವೆಯ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಅಂಥ ಬರದಲ್ಲಿ ಕೆರೆಗಳು ಒಣಗಿದಾಗ ವಲಸೆ ಹಕ್ಕಿಗಳಿಗೆ ಇಳಿಯಲು ಜಾಗವಿರುವುದಿಲ್ಲ.

ಇಳಿದ ನೀರಿನ ಜಾಗದಲ್ಲಿ ರೈತರು ಬಿತ್ತನೆ ಮಾಡುವುದುಂಟು. ಎಳೆಯ ಕಡಲೆ, ಗೋಧಿಯ ಪೈರು ಹೆಬ್ಬಾತುಗಳಿಗೂ ಇಷ್ಟ. ಹಗಲು ನೀರಿನ ನಡುವೆ ವಿಶ್ರಮಿಸಿ ರಾತ್ರಿ ಹೊಲಕ್ಕಿಳಿಯುವುದು ಅವುಗಳ ಕ್ರಮ. ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರಾದ ಗದಗ ಜಿಲ್ಲೆಯ ಮಾಗಡಿ ಕೆರೆಯ ಸುತ್ತಲೂ ಇದೇ ಸ್ಥಿತಿ. ಹಕ್ಕಿಯ ಕುರಿತು ಬರೆಯುವವರು ರೈತನ ನಷ್ಟವನ್ನು ಮರೆತು ಬರೆಯುವುದು ಸರಿಯಲ್ಲ.

ಮಾಂಜ್ರಾ ನದಿ ಗಡಿ ದಾಟಿ ತೆಲಂಗಾಣಕ್ಕೆ ಹರಿದು, ಸಂಗಾರೆಡ್ಡಿಯ ಬಳಿ ಮಂಜೀರಾ ವನ್ಯಜೀವಿಧಾಮವನ್ನು ಮುಟ್ಟುತ್ತದೆ. ಅಲ್ಲಿ ಮೊಸಳೆಗಳ ಜೊತೆಗೆ ವಲಸೆ ಹಕ್ಕಿಗಳಿಗೂ ರಕ್ಷಣೆಯಿದೆ. ಕಾರಂಜಾದಲ್ಲಿ ಮೀನಿನ ದೋಣಿಗೆ ಬೆದರಿ ಎದ್ದ ಹಿಂಡು ಅಲ್ಲಿಗೆ ಹೋಗುವುದು ಹಕ್ಕಿಯ ಲೆಕ್ಕದಲ್ಲಿ ದೊಡ್ಡ ದೂರವಲ್ಲ.

ಔರಾದ್: ಹೊಲ ಮತ್ತು ಬಯಲು

ರಾಜ್ಯದ ಉತ್ತರ ತುದಿಯ ತಾಲೂಕಾದ ಔರಾದ್‌ನಲ್ಲಿ ನೋಡಬೇಕಾದುದು ಹೊಲ ಮತ್ತು ಹುಲ್ಲುಬಯಲಿನ ಹಕ್ಕಿಗಳು. ತೊಗರಿ, ಕಡಲೆ, ಹಿಂಗಾರಿ ಜೋಳದ ಈ ಸೀಮೆಯಲ್ಲಿ ನಡುನಡುವೆ ಉಳುಮೆಗೆ ಒಗ್ಗದ ಕಲ್ಲುನೆಲದಲ್ಲಿ ಮೊಣಕಾಲೆತ್ತರದ ಹುಲ್ಲು ಬೆಳೆಯುತ್ತದೆ. ದೇವಣಿ ತಳಿಯ ದನಗಳು ಮೇಯುವ, ಜಿಲ್ಲೆಯ ಕೃಷ್ಣಮೃಗಗಳು ಉಳಿದುಕೊಂಡಿರುವ ನೆಲ ಇಂಥದ್ದೇ.

ಈ ಬಯಲಿನ ಮುಖ್ಯ ಅತಿಥಿ ಸೆಳೆವ. ಗಿಡುಗದ ಜಾತಿಯ ಈ ಹಕ್ಕಿ ರೆಕ್ಕೆಗಳನ್ನು ತುಸು ಮೇಲೆತ್ತಿ ಹುಲ್ಲಿನ ಮೇಲ್ಮೈಗೆ ತೀರ ಸಮೀಪದಲ್ಲಿ ತೇಲುತ್ತ ಬೇಟೆಯಾಡುತ್ತದೆ. ಬಿಳಿ ಸೆಳೆವ ಮತ್ತು ಮೊಂಟಾಗು ಸೆಳೆವ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬರುತ್ತವೆ. ಬಿಳಿ ಸೆಳೆವವು ಜಾಗತಿಕ ಕೆಂಪುಪಟ್ಟಿಯಲ್ಲಿ ಅಪಾಯದ ಅಂಚಿಗೆ ಸಮೀಪವಿರುವ ಹಕ್ಕಿ. ಇಲ್ಲಿ ಇವುಗಳ ಆಹಾರದಲ್ಲಿ ಮಿಡತೆಗಳ ಪಾಲು ದೊಡ್ಡದು. ಹೊಲಕ್ಕೆ ಇವು ಮಾಡುವ ಉಪಕಾರವನ್ನು ಲೆಕ್ಕ ಹಾಕಿದವರು ಕಡಿಮೆ. ಸಂಜೆ ಇವು ಮರಕ್ಕೆ ಹೋಗದೆ, ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ರಾತ್ರಿ ಕಳೆಯುತ್ತವೆ. ಆಂಧ್ರಪ್ರದೇಶದ ರೋಲ್ಲಪಾಡು ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಸೆಳೆವ ತಂಗುದಾಣಗಳಲ್ಲಿ ಒಂದೆನಿಸಿತ್ತು. ಅಲ್ಲಿಯೂ ಸಂಖ್ಯೆ ಇಳಿದಿದೆ. ಹುಲ್ಲಿಗೆ ಬೆಂಕಿ ಬಿದ್ದರೆ ಅಥವಾ ಅಲ್ಲಿ ಸಸಿ ನೆಟ್ಟರೆ ಸೆಳೆವಗಳಿಗೆ ತಂಗಲು ಬೇರೆ ಜಾಗವಿಲ್ಲ.

ಜೋಳ ತೆನೆ ಕಟ್ಟುವ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಮೋಡದಂತೆ ಹೊಲದ ಮೇಲೆ ಬಂದಿಳಿಯುತ್ತದೆ. ತನ್ನ ತವರಿನಲ್ಲಿ ಮಿಡತೆ ತಿಂದು ರೈತರ ಮಿತ್ರನೆನಿಸಿದ ಈ ಹಕ್ಕಿ ಇಲ್ಲಿ ಜೋಳ ತಿಂದು ಕವಣೆಯ ಕಲ್ಲಿಗೆ ಗುರಿಯಾಗುತ್ತದೆ. ಆದರೆ ಫೆಬ್ರವರಿ, ಮಾರ್ಚ್‌ಗಳಲ್ಲಿ ಮುತ್ತುಗ ಅರಳಿದಾಗ ಇದೇ ಹಕ್ಕಿ ಮಕರಂದಕ್ಕಾಗಿ ಹೂವಿಂದ ಹೂವಿಗೆ ಹಾರಿ ಪರಾಗಸ್ಪರ್ಶಕ್ಕೆ ನೆರವಾಗುತ್ತದೆ. ಕಪ್ಪುತಲೆಯ ಬಂಟಿಂಗ್ ಹಕ್ಕಿಗಳೂ ಜೋಳದ ಹೊಲವನ್ನೇ ಅವಲಂಬಿಸಿದವು. ತಂತಿಯ ಮೇಲೆ ನೀಲಕಂಠ, ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವ ಕೆಂಪು ಚಾಣ, ಬದುವಿನ ಮುಳ್ಳುಗಿಡದ ಮೇಲೆ ಕಟುಕ ಹಕ್ಕಿ, ಹೊಲದ ಅಂಚಿನಲ್ಲಿ ಗೌಜಲಕ್ಕಿ ಮತ್ತು ನವಿಲು ಇವು ಔರಾದ್ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದಲೂ ನೋಡಲು ಸಾಧ್ಯವಿರುವ ಹಕ್ಕಿಗಳು.

ಮಾರ್ಗಶಿರದ ಅಮಾವಾಸ್ಯೆಯಂದು ಆಚರಿಸುವ ಎಳ್ಳಮಾವಾಸ್ಯೆ ಚಳಿಯ ನಡುವೆ ಬರುವ ಹಬ್ಬ. ಅಂದು ಬೀದರ್ ಸೀಮೆಯ ಕುಟುಂಬಗಳು ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗಿ ಪೂಜಿಸಿ, ಪೈರಿನ ನಡುವೆ ಚರಗ ಚೆಲ್ಲುತ್ತವೆ. ಭೂತಾಯಿಗೆಂದು ಚೆಲ್ಲಿದ್ದನ್ನು ಕಬ್ಬಕ್ಕಿ, ಕಾಗೆ, ಬೆಳವಗಳು ಆರಿಸಿ ತಿನ್ನುತ್ತವೆ. ಊರಿನಲ್ಲಿ ನೆಲೆಸಿದವರೂ ಇಡೀ ದಿನ ಹೊಲದಲ್ಲಿ ಕಳೆಯುವ ಈ ಹಬ್ಬ ಹಕ್ಕಿಗಳನ್ನು ಗಮನಿಸಲು ಮಕ್ಕಳಿಗೆ ಸಿಗುವ ಒಳ್ಳೆಯ ಅವಕಾಶ.

ಹೆಸರುಗಳು

ಕನ್ನಡ, ಮರಾಠಿ, ಉರ್ದು, ತೆಲುಗುಗಳು ಬೆರೆತ ಈ ಜಿಲ್ಲೆಯಲ್ಲಿ ಒಂದು ಹಕ್ಕಿಗೆ ಹಲವು ಹೆಸರು. ಗುಲಾಬಿ ಕಬ್ಬಕ್ಕಿ ಮರಾಠಿಯಲ್ಲಿ ಭೋರಡಿ, ಉರ್ದುವಿನಲ್ಲಿ ತಿಲಿಯರ್. ನೀಲಕಂಠವು ಕರ್ನಾಟಕದ ರಾಜ್ಯಪಕ್ಷಿ. ಅದೇ ಹಕ್ಕಿ ಪಾಲಪಿಟ್ಟ ಎಂಬ ಹೆಸರಿನಿಂದ ತೆಲಂಗಾಣದ ರಾಜ್ಯಪಕ್ಷಿಯೂ ಆಗಿದೆ. ದಸರೆಯಂದು ಅದರ ದರ್ಶನ ಶುಭವೆಂಬ ನಂಬಿಕೆ ಅಲ್ಲಿದೆ. ವೀಕ್ಷಣೆಯ ಟಿಪ್ಪಣಿ ಬರೆಯುವವರು ಊರಿನವರು ಹೇಳಿದ ಹೆಸರನ್ನೂ ಜೊತೆಗೆ ಬರೆದಿಟ್ಟರೆ ಭಾಷೆಗೂ ಉಪಯೋಗ.

ದಾಖಲೆ ಮತ್ತು ಗಣತಿ

ಬೀದರ್ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೂ ಮೊದಲು ಇದು ಹೈದರಾಬಾದಿಗೆ ಸೇರಿದ್ದ ಪ್ರದೇಶ. ಆ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ಸಲೀಂ ಅಲಿ 1931-32ರಲ್ಲಿ ನಡೆಸಿದರು. ಅದರ ವರದಿ ಹ್ಯೂ ವಿಸ್ಲರ್ ಅವರ ಟಿಪ್ಪಣಿಗಳೊಡನೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಈಗ ಸಾಮಾನ್ಯ ವೀಕ್ಷಕರೂ ಇ-ಬರ್ಡ್ ಜಾಲತಾಣದಲ್ಲಿ ತಮ್ಮ ಪಟ್ಟಿಗಳನ್ನು ಸೇರಿಸಬಹುದು. 1987ರಲ್ಲಿ ಆರಂಭವಾದ ಏಷ್ಯಾ ನೀರುಹಕ್ಕಿಗಳ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಭಾರತವು 2013ರಿಂದ ಭಾಗವಹಿಸುತ್ತಿರುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಫೆಬ್ರವರಿಯ ನಾಲ್ಕು ದಿನಗಳದ್ದು. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿದರೂ ಸಾಕು. ಬರೀದ್ ಶಾಹಿ ಉದ್ಯಾನದಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ ಇದು ಆಗುತ್ತದೆ. ಅಪರೂಪದ ಹಕ್ಕಿಯ ಚಿತ್ರಕ್ಕಿಂತ ಒಂದೇ ಜಾಗದಲ್ಲಿ ಪ್ರತಿವಾರ ಬರೆದ ಸಾದಾ ಪಟ್ಟಿಯ ಬೆಲೆ ದೊಡ್ಡದು. ಬರದ ವರ್ಷಕ್ಕೂ ತುಂಬಿದ ವರ್ಷಕ್ಕೂ ಇರುವ ವ್ಯತ್ಯಾಸ ಅದರಿಂದ ಮಾತ್ರ ತಿಳಿಯುತ್ತದೆ.

ಅಪಾಯಗಳು

ಚಳಿಯ ತುದಿಯಲ್ಲಿ ಬರುವ ಸಂಕ್ರಾಂತಿಗೆ ಹೈದರಾಬಾದಿನಂತೆ ಬೀದರಿನಲ್ಲೂ ಗಾಳಿಪಟ ಹಾರಿಸುತ್ತಾರೆ. ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶಾದ್ಯಂತ ನಿಷೇಧಿಸಿದೆ. ಮರಕ್ಕೆ ಸಿಕ್ಕ ಈ ದಾರ ಕೊಳೆಯುವುದಿಲ್ಲ. ಹಬ್ಬ ಮುಗಿದು ತಿಂಗಳುಗಳಾದರೂ ಕೊಂಬೆಗೆ ಮರಳುವ ಹಕ್ಕಿಯ ರೆಕ್ಕೆಯನ್ನು ಕೊಯ್ಯುತ್ತದೆ. ಹಕ್ಕಿ ಸಿಕ್ಕಿಬಿದ್ದಾಗ ದಾರವನ್ನು ಎಳೆಯದೆ, ಹಕ್ಕಿಯನ್ನು ಬಟ್ಟೆಯಿಂದ ಮುಚ್ಚಿ ಹಿಡಿದು, ದಾರವನ್ನು ಕತ್ತರಿಸಿ ಬಿಡಿಸಬೇಕು. ಗಾಯವಿದ್ದರೆ ಪಶುವೈದ್ಯರಲ್ಲಿಗೆ ಕೊಂಡೊಯ್ಯಬೇಕು.

ಬಾತು, ಬುರ್ಲಿಗಳ ಬೇಟೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕಾಯ್ದೆಯ ಹಿಡಿತಕ್ಕೆ ಸಿಗದ ಬದಲಾವಣೆಗಳು ಬೇರೆ ಇವೆ. ಮುಂಗಾರಿನಲ್ಲಿ ಸೋಯಾ ಹರಡಿದೆ, ಹಿಂಗಾರಿನಲ್ಲಿ ಜೋಳಕ್ಕಿಂತ ಕಡಲೆ ಮುಂದಾಗಿದೆ. ಕಾಳು ತಿನ್ನುವ ಅತಿಥಿಗಳಿಗೆ ತೆನೆಯ ಹೊಲವೇ ಕಡಿಮೆಯಾದಂತೆ. ಹುಲ್ಲುಬಯಲನ್ನು ಪಾಳುನೆಲವೆಂದು ಬಗೆದು ಅಲ್ಲಿ ಸಸಿ ನೆಡುವುದು ಒಳ್ಳೆಯ ಉದ್ದೇಶದ ಕೆಲಸವೇ, ಆದರೆ ಸೆಳೆವ, ನೆಲಗುಬ್ಬಿ, ಟಿಟ್ಟಿಭ, ಕೃಷ್ಣಮೃಗಗಳಿಗೆ ಮರದ ನೆರಳು ಬೇಕಿಲ್ಲ. 2023ರ ಭಾರತದ ಪಕ್ಷಿಗಳ ಸ್ಥಿತಿ ವರದಿಯು 942 ಜಾತಿಗಳನ್ನು ಪರಿಶೀಲಿಸಿ 178 ಜಾತಿಗಳನ್ನು ಹೆಚ್ಚಿನ ಕಾಳಜಿಯ ಪಟ್ಟಿಗೆ ಸೇರಿಸಿತು. ತೆರೆದ ಬಯಲಿನ ಹಕ್ಕಿಗಳ ಇಳಿಕೆಯನ್ನು ವಿಶೇಷವಾಗಿ ಗುರುತಿಸಿತು. ಎರಡು ರಾಜ್ಯಗಳ ಲಾಂಛನವಾದ ನೀಲಕಂಠದ ಸಂಖ್ಯೆಯೂ ಇಳಿಯುತ್ತಿರುವುದರಿಂದ ಅದರ ಜಾಗತಿಕ ಸ್ಥಾನಮಾನವನ್ನು ಮರುಪರಿಶೀಲಿಸಬೇಕೆಂದು ಅದೇ ವರದಿ ಸೂಚಿಸಿದೆ.

ನಿರ್ಗಮನ

ಫೆಬ್ರವರಿಯ ಕೊನೆಗೆ ಬೀದರಿನ ಹಗಲು ಕಾಯತೊಡಗುತ್ತದೆ. ಹಿನ್ನೀರಿನ ಬಾತುಗಳು ಮಾರ್ಚ್‌ನಲ್ಲಿ ತೆರಳುತ್ತವೆ. ಹೊರಡುವ ಮುನ್ನ ಬಿಳಿ ಸಿಪಿಲೆಯ ಗಂಟಲಿಗೆ ಸಂತಾನಕಾಲದ ಅಚ್ಚಗಪ್ಪು ಏರುವುದನ್ನು ಉದ್ಯಾನದಲ್ಲಿಯೇ ನೋಡಬಹುದು. ಕೊನೆಗೆ ಹೊರಡುವವುಗಳಲ್ಲಿ ಗುಲಾಬಿ ಕಬ್ಬಕ್ಕಿ ಒಂದು. ಏಪ್ರಿಲ್‌ನವರೆಗೂ ಅದರ ಗುಂಪುಗಳು ಹಣ್ಣಿನ ಮರಗಳಲ್ಲಿ ಗದ್ದಲ ಮಾಡುತ್ತಿರುತ್ತವೆ.